ಕೌದಿ ಹೊಲಿಯುತ್ತಾ ಆಡಿದ ಮಾತು

(ಸೋಮವಾರಪೇಟೆ ತಾಲ್ಲೂಕಿನ ಮಹಿಳಾ ಸ್ವಸಹಾಯ ಗುಂಪುಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವೇದಿಕೆಯ ಮೇಲೆ ನಿಂತು ಮಾತನಾಡಿ ನನಗೆ ಅಭ್ಯಾಸವಿಲ್ಲ. ಕೌದಿ ಹೊಲಿಯುವುದನ್ನು ಹೇಳಿಕೊಡಿ ಎಂದು ಕರೆದಿರಿ, ಅದಕ್ಕೇ ಚೀಲದ ತುಂಬ ಹಳೇ ಬಟ್ಟೆ ತಂದಿದ್ದೇನೆ. ಮಾತು ಮುಗಿದ ಮೇಲೆ ಎಲ್ಲರೂ ಒಂದೊಂದು ತುಂಡು ಹಿಡಿದು ಕೂರೋಣ.

ನನ್ನ ತವರು ಧಾರವಾಡದ ಕಡೆ. ಅಲ್ಲಿ ಹಳೇ ಸೀರೆ, ಧೋತರ, ಮಕ್ಕಳ ಅಂಗಿ ಯಾವುದನ್ನೂ ಬಿಸಾಡುವುದಿಲ್ಲ, ಎಲ್ಲ ಕೌದಿಗೆ ಸೇರುತ್ತದೆ. ಮದುವೆಯಾಗಿ ಕೊಡಗಿಗೆ ಬರುವಾಗ ಅವ್ವ ಒಂದು ಕೌದಿ ಕೊಟ್ಟಿದ್ದಳು. ಮಾತುಕತೆಯಲ್ಲಿ ಬಂಗಾರ, ಪಾತ್ರೆ, ಕೈಗಡಿಯಾರ ಎಲ್ಲವೂ ಲೆಕ್ಕಕ್ಕೆ ಬಂದಿದ್ದವು. ಕೌದಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬಂಗಾರ ಎರಡೇ ವರ್ಷದಲ್ಲಿ ಒತ್ತೆ ಹೋಯಿತು. ಕೌದಿ ಇವತ್ತಿಗೂ ಇದೆ. ಇಲ್ಲಿಯ ಮಳೆಗಾಲದ ಚಳಿಯಲ್ಲಿ ನನ್ನ ಇಬ್ಬರು ಮಕ್ಕಳೂ ಅದನ್ನೇ ಹೊದ್ದು ಬೆಳೆದರು.

ಕೌದಿಗೆ ನಕ್ಷೆ ಬೇಡ, ಮೆಷಿನ್ ಬೇಡ. ಹಳೇ ಹತ್ತಿ ಸೀರೆಯನ್ನು ಮಡಚಿ ನೆಲದ ಮೇಲೆ ಹಾಸಿದರೆ ಅದೇ ತಳ. ಅದರ ಮೇಲೆ ಕೈಗೆ ಸಿಕ್ಕ ತುಂಡುಗಳನ್ನು ಜೋಡಿಸುತ್ತಾ ಹೋಗುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಇದಕ್ಕೆ ಕವಂದಿ ಎನ್ನುತ್ತಾರೆ. ಅವರು ಅಂಚಿನಿಂದ ಶುರು ಮಾಡುತ್ತಾರೆ. ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಒಂದರ ಮೇಲೆ ಒಂದನ್ನು ಸ್ವಲ್ಪ ಏರಿಸಿ, ಸಣ್ಣ ಸಣ್ಣ ಹೊಲಿಗೆ ಹಾಕುತ್ತಾ ನಾಲ್ಕೂ ಬದಿ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ. ಮುಂದಿನ ತುಂಡು ಯಾವುದೆಂದು ಮೊದಲೇ ಗೊತ್ತಿರುವುದಿಲ್ಲ. ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ 'ಫುಲ' ಇಡುತ್ತಾರೆ. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಅಂತೆ!

ಈ ಕೆಲಸ ನಮ್ಮಲ್ಲಿ ಮಾತ್ರ ಇಲ್ಲ. ಅಮೆರಿಕದ ಅಲಬಾಮಾದಲ್ಲಿ ಮತದ ಹಕ್ಕು ಕೇಳಿದ್ದಕ್ಕೆ ಎಷ್ಟೋ ಕಪ್ಪು ಜನರು ಮನೆ, ಕೆಲಸ ಕಳೆದುಕೊಂಡರು. ಅಲ್ಲಿಯ ಹೆಂಗಸರು 1966ರಲ್ಲಿ ಇಂಥದೇ ತೇಪೆಯ ಹೊದಿಕೆ ಹೊಲಿದು ಮಾರಲು ಸಹಕಾರ ಸಂಘ ಕಟ್ಟಿದರು. ನಮ್ಮ ಗುಂಪುಗಳ ಹಾಗೆಯೇ.

ಮೊದಲ ಸಲ ಹೊಲಿಯುವವರು ದೊಡ್ಡ ಕೌದಿಗೆ ಕೈ ಹಾಕಬೇಡಿ. ಒಂದು ಗೇಣು ಚೌಕದ ಮಸಿಬಟ್ಟೆ ಹೊಲಿಯಿರಿ. ಆಮೇಲೆ ಮಣೆಯ ಮೇಲಿನ ಹಾಸು, ಸಂತೆ ಚೀಲ, ಕೂಸಿನ ಹಾಸಿಗೆ. ಮಸಿಬಟ್ಟೆಗೆ ನಾಲ್ಕು ಪದರ ಹತ್ತಿ ಬಟ್ಟೆಯೇ ಇರಲಿ, ನೈಲಾನ್ ತುಂಡು ಬೇಡವೇ ಬೇಡ. ಅದು ಬೆಂಕಿಗೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. 'ಸ್ಟವ್ ಸಿಡಿದು ಗೃಹಿಣಿ ಸಾವು' ಎಂಬ ಸುದ್ದಿಯನ್ನು ಎಷ್ಟು ವರ್ಷ ಓದಿದೆವು! ಸೊಸೆ ನಿಂತಾಗಲೇ ಸ್ಟವ್ ಏಕೆ ಸಿಡಿಯುತ್ತದೆ ಎಂದು ಮಹಿಳಾ ಸಂಘಟನೆಗಳು ಕೇಳಿದ ಮೇಲೆ ತಾನೇ ಅದು ಪ್ರಶ್ನೆಯಾದದ್ದು?

ಈಗ ನಮ್ಮ ಗುಂಪಿನ ಒಂದು ತಪ್ಪನ್ನು ಹೇಳುತ್ತೇನೆ. ನಮ್ಮ ಸದಸ್ಯೆಯೊಬ್ಬಳು ಮನೆ ರಿಪೇರಿಗೆಂದು ಸಾಲ ಕೇಳಿದಳು. ಅದು ಮಗಳ ವರದಕ್ಷಿಣೆಗೆ ಎಂದು ನಮಗೆಲ್ಲ ಗೊತ್ತಿತ್ತು. ನಡವಳಿ ಪುಸ್ತಕದಲ್ಲಿ 'ಮನೆ ರಿಪೇರಿ' ಎಂದು ಬರೆದು ಸಹಿ ಹಾಕಿದವರಲ್ಲಿ ನಾನೂ ಒಬ್ಬಳು.

ಮರುವರ್ಷ ಆಟಿ ತಿಂಗಳ ಮಳೆಯಲ್ಲಿ ನಮ್ಮ ಜಗಲಿಯಲ್ಲಿ ಏಳು ಜನ ಕೌದಿ ಹೊಲಿಯುತ್ತಿದ್ದೆವು. ಆ ಹುಡುಗಿ ತವರಿಗೆ ಬಂದವಳು ತಾಯಿಯ ಜೊತೆ ಬಂದು ಕೂತಳು. ಸೂಜಿ ಹಿಡಿಯಲು ಆಗಲಿಲ್ಲ.

"ಕೈಗೆ ಏನಾಯ್ತು ಮಗಾ?" ಎಂದೆ.

"ಜಾರಿ ಬಿದ್ದೆ ಚಿಕ್ಕಮ್ಮ."

ಯಾರೂ ಮತ್ತೆ ಕೇಳಲಿಲ್ಲ. ಎಲ್ಲರ ಕಣ್ಣೂ ಹೊಲಿಗೆಯ ಮೇಲೇ ಇತ್ತು. ಬಹಳ ಹೊತ್ತಿನ ಮೇಲೆ ಅವಳೇ ಹೇಳತೊಡಗಿದಳು. ಬಾಕಿ ಉಳಿದ ಹಣಕ್ಕಾಗಿ ಹೊಡೆತ, ಬೀರುವಿನ ಬೀಗದ ಕೈ ಅತ್ತೆಯ ಹತ್ತಿರ, ಬಂಗಾರ ಕೇಳಿದ್ದಕ್ಕೆ ಕೈ ತಿರುಚಿದ್ದು. ಎದುರಿಗೆ ಕೂರಿಸಿ ವಿಚಾರಿಸಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಕೌದಿಯ ಸುತ್ತ ಕೂತರೆ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ, ಹಾಗಾಗಿ ಮಾತು ಹೊರಗೆ ಬರುತ್ತದೆ. ಅವತ್ತು ನಮಗೆಲ್ಲ ನಾವು ಹಾಕಿದ ಸಹಿ ನೆನಪಾಯಿತು.

ಕೊಡಗಿನಲ್ಲಿ ವರದಕ್ಷಿಣೆ ಇಲ್ಲ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಕೊಡವ ಸಂಪ್ರದಾಯದಲ್ಲಿ ಅದಕ್ಕೆ ಜಾಗವಿಲ್ಲ, ನಿಜ. ಅವರ ಮದುವೆಯಲ್ಲಿ ಹರಳುಕಲ್ಲು ಕೊಟ್ಟು ಗಂಡನ ಮನೆಯಲ್ಲಿ ಹೆಣ್ಣಿಗಿರುವ ಹಕ್ಕನ್ನು ಎಲ್ಲರ ಮುಂದೆ ಸಾರುವ ಶಾಸ್ತ್ರವಿದೆ. ಆದರೆ ಈ ಜಿಲ್ಲೆಯಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದೇವೆ. ವರದಕ್ಷಿಣೆ ಕೇಳದ ಮನೆಯಲ್ಲೂ ಕುಡಿದು ಬಂದು ಕೈ ಎತ್ತುವವರಿದ್ದಾರೆ. ಇಲ್ಲ ಎಂದು ಹೇಳಿಬಿಟ್ಟರೆ ಏಟು ತಿಂದವಳು ಯಾರ ಹತ್ತಿರ ಹೇಳಬೇಕು?

ನಾವು ಮೊದಲು ಮಾಡಿದ್ದು ಪಟ್ಟಿ. ಏನು ಕೊಟ್ಟದ್ದು, ಯಾರು ಕೊಟ್ಟದ್ದು, ಬೆಲೆ ಎಷ್ಟು, ಅಂಗಡಿಯ ರಸೀದಿ, ಮದುವೆಯ ಫೋಟೋ ಎಲ್ಲ ಸೇರಿಸಿದೆವು. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಆದರೆ ನೊಂದವಳು ದೂರು ಕೊಟ್ಟರೆ ಅವಳ ಹೇಳಿಕೆಯನ್ನೇ ಹಿಡಿದು ಅವಳ ಮೇಲೆ ಆ ಕಾಯಿದೆಯಡಿ ಕೇಸು ಹಾಕುವಂತಿಲ್ಲ. ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. 2006ರಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯಿದೆಯಲ್ಲಿ ಸ್ತ್ರೀಧನ ಕೊಡದಿರುವುದೂ ಹಿಂಸೆಯೇ. ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಅದು ಕೊಡುತ್ತದೆ. ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂದೆ ಸರಿಯಬೇಡಿ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಸಿಗುತ್ತದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಆ ಹುಡುಗಿಯ ಪಾತ್ರೆಗಳು ವಾಪಸು ಬಂದವು. ಬಂಗಾರಕ್ಕಾಗಿ ಇನ್ನೂ ಕೋರ್ಟಿಗೆ ಅಲೆಯುತ್ತಿದ್ದಾಳೆ. ವಾಯಿದೆಯ ದಿನ ನಮ್ಮಲ್ಲಿ ಇಬ್ಬರು ಜೊತೆಗೆ ಹೋಗುತ್ತೇವೆ. ಈಗ ಅವಳೂ ನಮ್ಮ ಜೊತೆ ಕೂತು ಹೊಲಿಯುತ್ತಾಳೆ.

ಕೌದಿಯ ಬೆಲೆಯ ಮಾತೂ ಹೇಳಬೇಕು. ಪ್ರವಾಸಿಗರಿಗೆ ಮಾರುವ ವ್ಯಾಪಾರಿಯೊಬ್ಬರು ಒಂದು ಕೌದಿಗೆ 500 ರೂಪಾಯಿ ಕೊಡುತ್ತೇವೆ, ಹೇಗೂ ಬಿಡುವಿನಲ್ಲಿ ಹೊಲಿಯುತ್ತೀರಲ್ಲ ಎಂದರು. ನಾವು ಲೆಕ್ಕ ಹಾಕಿದೆವು. ದಿನಕ್ಕೆ ಮೂರು ಗಂಟೆಯಂತೆ 20 ದಿನ, ಅಂದರೆ 60 ಗಂಟೆ. ಗಂಟೆಗೆ ಒಂಬತ್ತು ರೂಪಾಯಿಯೂ ಬೀಳಲಿಲ್ಲ! ಕೊಡುವುದಿಲ್ಲ ಎಂದೆವು. ಈಗ ಪ್ರತಿ ಕೌದಿಗೂ ಗಂಟೆಗಳನ್ನು ಬರೆದಿಟ್ಟು ತೋಟದ ಕೂಲಿಯ ಲೆಕ್ಕದಲ್ಲಿ ಬೆಲೆ ಕಟ್ಟುತ್ತೇವೆ. ಕಡಿಮೆ ಮಾರಾಟವಾಗುತ್ತದೆ, ಆಗಲಿ. ಬಂದ ಹಣ ಹೊಲಿದವಳ ಹೆಸರಿನ ಪಾಸ್‌ಬುಕ್ಕಿಗೇ ಹೋಗಬೇಕು.

ನಡವಳಿ ಪುಸ್ತಕದಲ್ಲಿ ನಾವು ಇನ್ನೊಂದು ಸಾಲನ್ನೂ ಬರೆದೆವು: ವರದಕ್ಷಿಣೆಗೆ ಗುಂಪಿನಿಂದ ಸಾಲವಿಲ್ಲ, ಯಾವ ಹೆಸರಿನಲ್ಲಿಯೂ ಇಲ್ಲ. ಸುಳ್ಳು ಕಾರಣ ಬರೆದರೆ ಸಹಿ ಹಾಕುವುದಿಲ್ಲ. ಇದರಿಂದ ಇಬ್ಬರು ಗುಂಪು ಬಿಟ್ಟರು. ಒಬ್ಬಳು ಮತ್ತೆ ಬಂದಿದ್ದಾಳೆ.

ನಿಮ್ಮ ಗುಂಪುಗಳ ಪುಸ್ತಕದಲ್ಲೂ ಆ ಸಾಲು ಬರಲಿ ಎಂದು ಕೇಳಿಕೊಳ್ಳಲು ನಾನು ಬಂದದ್ದು. ಚರ್ಚೆಯನ್ನು ಹೊಲಿಯುತ್ತಲೇ ಮಾಡೋಣ. ಬನ್ನಿ, ಸೂಜಿಗೆ ದಾರ ಪೋಣಿಸಿಕೊಳ್ಳಿ. ಕಣ್ಣು ಕಾಣದವರು ಪಕ್ಕದವರ ಕೈಗೆ ಕೊಡಿ.