ಬರ್ಲಿನ್ನಿನಲ್ಲಿ ಒಂದು ಈಜಿಪ್ಟ್ ದಿನ



ರಜೆ ಬಂದಿತೆಂದರೆ ನಮ್ಮಲ್ಲಿ ಹಲವರು ಕೈರೋ, ಲುಕ್ಸರ್‌ಗಳಿಗೆ ಹೊರಡುತ್ತಾರೆ. ಬೆಳಿಗ್ಗೆ ಪಿರಮಿಡ್ಡುಗಳ ದರ್ಶನ, ಸಂಜೆ ಖಾನ್ ಎಲ್ ಖಲೀಲಿ ಪೇಟೆಯಲ್ಲಿ ಚೌಕಾಸಿ. ಅಷ್ಟು ದೂರ ಹೋಗಲಾಗದವರು ಒಂದು ಭಾನುವಾರ ಬರ್ಲಿನ್ನಿನ ಮ್ಯೂಸಿಯಂ ದ್ವೀಪಕ್ಕೆ ಬರಬೇಕೆಂದು ನಮ್ಮ ಸಲಹೆ. ಈಜಿಪ್ಟೂ ಅಲ್ಲಿದೆ, ಚೌಕಾಸಿಯೂ ಅಲ್ಲಿದೆ.

ಬೋಡೆ ಮ್ಯೂಸಿಯಂ ಬಳಿಯ ಕಾಲುವೆಯ ದಂಡೆಯಲ್ಲಿ ವಾರಾಂತ್ಯದಲ್ಲಿ ಹಳೆಯ ಪುಸ್ತಕ, ಹಳೆಯ ಸಾಮಾನುಗಳ ಸಂತೆ ಕೂಡುತ್ತದೆ. ಜರ್ಮನರಿಗೆ ಚೌಕಾಸಿ ಒಗ್ಗದೆಂಬುದು ನಮ್ಮವರ ಭ್ರಮೆ. ಸಣ್ಣ ಜಾಹೀರಾತುಗಳಲ್ಲಿ ಬೆಲೆಯ ಪಕ್ಕದಲ್ಲಿ ‘ಫೌ ಬೇ’ ಎಂಬ ಎರಡಕ್ಷರವಿದ್ದರೆ ಬೆಲೆಯನ್ನು ಮಾತನಾಡಿ ಇಳಿಸಿಕೊಳ್ಳಬಹುದೆಂದೇ ಅರ್ಥ. ರೀತಿ ಮಾತ್ರ ಬೇರೆ. ನಮ್ಮ ಚಿಕ್ಕಪೇಟೆಯಲ್ಲಿ ಅರ್ಧ ಬೆಲೆಗೆ ಕೇಳಿ ನಾಲ್ಕು ಹೆಜ್ಜೆ ನಡೆದರೆ ‘ಬನ್ನಿ ಅಮ್ಮಾ, ಎಷ್ಟು ಕೊಡ್ತೀರಿ ಹೇಳಿ’ ಎಂಬ ಕರೆ ಬೆನ್ನಟ್ಟುತ್ತದೆ. ಇಲ್ಲಿ ಯಾರೂ ಕರೆಯುವುದಿಲ್ಲ. ಮರದ ಹಳೆಯ ಕಾಫಿ ಬೀಸುವ ಯಂತ್ರವೊಂದಕ್ಕೆ ಮುದುಕರೊಬ್ಬರು 30 ಯೂರೋ ಹೇಳಿದರು. ಹಿಡಿಯ ಸಡಿಲವನ್ನು ತೋರಿಸಿದೆವು. ಅವರೂ ತಿರುಗಿಸಿ ನೋಡಿ, ನಿಜವೆಂದು ಒಪ್ಪಿ 22ಕ್ಕೆ ಕೊಟ್ಟರು. ಮಾಲು ಎದುರಿಗಿತ್ತು, ಊನವೂ ಕಾಣುತ್ತಿತ್ತು, ಕೊಡುವವರೇ ಒಡೆಯರು.

ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ‘ನೊಯೆಸ್ ಮ್ಯೂಸಿಯಂ’ ಹೊಕ್ಕೆವು. ಅಲ್ಲಿ ಗುಮ್ಮಟದ ಕೆಳಗಿನ ಕೊಠಡಿಯೊಂದರಲ್ಲಿ ರಾಣಿ ನೆಫರ್ತೀತಿ ಒಬ್ಬಳೇ ಇದ್ದಾಳೆ. ಅರ್ಧ ಮೀಟರಿನಷ್ಟು ಎತ್ತರ. ಸುಣ್ಣಕಲ್ಲಿನ ಮೇಲೆ ಗಾರೆ ಮೆತ್ತಿ ಬಣ್ಣ ಹಚ್ಚಿದ ಮೂರ್ತಿ. ವಯಸ್ಸು ಮೂರು ಸಾವಿರದ ಮುನ್ನೂರು ವರ್ಷಗಳಿಗೂ ಮಿಗಿಲು. ಬಲಗಣ್ಣಿಗೆ ಸ್ಫಟಿಕ ಕೂರಿಸಿದೆ, ಎಡಗಣ್ಣು ಬರಿದು. ಛಾಯಾಚಿತ್ರ ತೆಗೆಯುವಂತಿಲ್ಲ, ಹಾಗಾಗಿ ಜನ ನಿಂತು ಕಣ್ಣಾರೆ ನೋಡುತ್ತಾರೆ.

ಆಕೆ ಇಲ್ಲಿಗೆ ಬಂದದ್ದೂ ಒಂದು ವ್ಯವಹಾರದಿಂದಲೇ. 1912ರ ಡಿಸೆಂಬರ್ 6ರಂದು ಅಮರ್ನಾದಲ್ಲಿ, ಶಿಲ್ಪಿ ಥುಟ್ಮೋಸನ ಕಾರ್ಯಾಗಾರದ ಅವಶೇಷಗಳಲ್ಲಿ, ಲುಡ್ವಿಗ್ ಬೋರ್ಕಾರ್ಟ್ ಎಂಬ ಜರ್ಮನ್ ವಿದ್ವಾಂಸರ ತಂಡಕ್ಕೆ ಈ ಮೂರ್ತಿ ದೊರೆಯಿತು. ಉತ್ಖನನದ ಖರ್ಚು ಬರ್ಲಿನ್ನಿನ ಹತ್ತಿ ವ್ಯಾಪಾರಿ ಜೇಮ್ಸ್ ಸೈಮನ್ ಅವರದು. ಸಿಕ್ಕಿದ್ದನ್ನು ಸಮಪಾಲು ಮಾಡಿಕೊಳ್ಳುವುದು ಅಂದಿನ ಪದ್ಧತಿ. 1913ರ ಜನವರಿ 20ರಂದು ಪಾಲಾಯಿತು. ಆ ಸಂದರ್ಭದಲ್ಲಿ ಹಾಜರಿದ್ದವರೊಬ್ಬರ 1924ರ ಟಿಪ್ಪಣಿ 2009ರಲ್ಲಿ ಬೆಳಕಿಗೆ ಬಂದಿತು: ಬೋರ್ಕಾರ್ಟ್ ಮೂರ್ತಿಯ ಚೆಲುವು ಕಾಣದಂಥ ಚಿತ್ರವನ್ನು ತೋರಿಸಿ, ಬರಿಯ ಗಾರೆಯದೆಂದು ಹೇಳಿದರೆಂದು ಅದರಲ್ಲಿದೆ. ಹಂಚಿಕೆ ನ್ಯಾಯಬದ್ಧವಾಗಿತ್ತೆಂಬುದು ಬರ್ಲಿನ್ನಿನ ವಾದ.

ವಂಚನೆಯ ಈ ಚರ್ಚೆಗಿಂತ ನಮ್ಮನ್ನು ಕಾಡಿದ್ದು ಬೇರೆ ಸಂಗತಿ. ಈಜಿಪ್ಟಿನ ಪರವಾಗಿ ಕುಳಿತಿದ್ದ ಅಧಿಕಾರಿ ಗುಸ್ತಾವ್ ಲಫೆವ್ರ್ ಫ್ರೆಂಚರು; ದೇಶ ಬ್ರಿಟಿಷರ ಹಿಡಿತದಲ್ಲಿತ್ತು. ಚೌಕಾಸಿ ನಡೆದದ್ದು ಜರ್ಮನ್ ಮತ್ತು ಫ್ರೆಂಚ್ ವಿದ್ವಾಂಸರ ನಡುವೆ. ಒಡೆಯನೇ ಇಲ್ಲದ ಅಂಗಡಿ!

1924ರಲ್ಲಿ ಮೂರ್ತಿಯನ್ನು ಸಾರ್ವಜನಿಕರಿಗೆ ತೋರಿಸಿದ ಮೇಲೆ ಈಜಿಪ್ಟ್ ಅದನ್ನು ಮರಳಿ ಕೇಳತೊಡಗಿತು. 1930ರ ಸುಮಾರಿಗೆ, ಬದಲಿಗೆ ಬೇರೆ ಹೆಸರಾಂತ ಪ್ರತಿಮೆಗಳನ್ನು ಕೊಡುವ ಮಾತೂ ನಡೆಯಿತು. 1920ರಲ್ಲಿ ಮೂರ್ತಿಯನ್ನು ಪ್ರಷ್ಯಾಕ್ಕೆ ದಾನ ಮಾಡಿದ್ದ ಸೈಮನ್ನರೇ ‘ಕೊಟ್ಟುಬಿಡಿ’ ಎಂದು ಬಹಿರಂಗವಾಗಿ ಬರೆದರು. ಜನಾಭಿಪ್ರಾಯ ಒಪ್ಪಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ಇಡೀ ಕಥೆಯಲ್ಲಿ ದೊಡ್ಡ ಮನುಷ್ಯರೆಂದರೆ ಅವರೇ. ಯಹೂದಿಯಾಗಿದ್ದ ಆ ದಾನಿಯ ನೆನಪನ್ನು ನಾಜಿಗಳು ಅಳಿಸಹೊರಟರು. 2019ರಿಂದ ದ್ವೀಪದ ಪ್ರವೇಶಮಂದಿರ ಅವರ ಹೆಸರನ್ನೇ ಹೊತ್ತಿದೆ. ಬೇಡಿಕೆಯೂ ನಿಂತಿಲ್ಲ: 2024ರಲ್ಲಿ ಈಜಿಪ್ಟಿನ ಜಾಹಿ ಹವಾಸ್ ಮತ್ತೆ ಸಹಿ ಸಂಗ್ರಹಕ್ಕೆ ತೊಡಗಿದರು.

‘ಹಾಗಾದರೆ ನಮ್ಮ ಊರಿನದು ಎಲ್ಲಾದರೂ ಹೀಗಿದೆಯೇ?’ ಎಂದು ಹಿಂತಿರುಗುವ ರೈಲಿನಲ್ಲಿ ಮಕ್ಕಳು ಕೇಳಿದರು. ಇದೆ. ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅದನ್ನು ಅರಮನೆಯಿಂದ ಎತ್ತಿಕೊಂಡು ಹೋದರು. ಅಲ್ಲಿ ಒಡೆಯರೊಡನೆ ಪಾಲೂ ಆಗಲಿಲ್ಲ, ಚೌಕಾಸಿಯೂ ನಡೆಯಲಿಲ್ಲ.