ವಂತಿಗೆ ನೌಕರರದು, ತೀರ್ಮಾನ ಯಾರದು?

(ಗಿರಣಿ ಕಾರ್ಮಿಕರು ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳದ ದಿನ ನಾವು ಯೂನಿಯನ್ನಿಗೆ ಚಂದಾ ಕೊಡುತ್ತೇವೆ, ರಸೀದಿ ಕೇಳುತ್ತೇವೆ. ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳುತ್ತೇವೆ. ಹಣ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕುಂಟು ಎಂಬುದನ್ನು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯ ನೌಕರರು ಇದೇ ಹಕ್ಕಿಗಾಗಿ 2021ರಲ್ಲಿ ದನಿ ಎತ್ತಬೇಕಾಯಿತು. ಆ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ.

ಕಂಪೆನಿಯ ಬೊಕ್ಕಸದಿಂದ ರಾಷ್ಟ್ರೀಯ ಚುನಾವಣೆಯ ಅಭ್ಯರ್ಥಿಗಳಿಗೆ ಹಣ ಕೊಡಬಾರದೆಂದು ಅಮೆರಿಕ 1907ರಲ್ಲೇ ಕಾಯಿದೆ ಮಾಡಿತು. 1943ರಲ್ಲಿ, ಯುದ್ಧದ ನಡುವೆ, ಕಾರ್ಮಿಕ ಸಂಘಗಳ ನಿಧಿಗೂ ಅಂಥದೇ ಬೀಗ ಬಿತ್ತು. ಆಗ ಸಿ.ಐ.ಓ. ಎಂಬ ಕಾರ್ಮಿಕ ಮಹಾಸಂಘವು ಉಡುಪು ಕಾರ್ಮಿಕರ ಮುಂದಾಳು ಸಿಡ್ನಿ ಹಿಲ್ಮನ್ನರ ನೇತೃತ್ವದಲ್ಲಿ ರಾಜಕೀಯ ಕ್ರಿಯಾ ಸಮಿತಿಯೊಂದನ್ನು ಕಟ್ಟಿ, ಕಾರ್ಮಿಕರಿಂದ ಸ್ವಇಚ್ಛೆಯ ವಂತಿಗೆ ಎತ್ತುವ ದಾರಿ ಹಿಡಿಯಿತು.

ದುಡಿಯುವವರು ಕಂಡುಕೊಂಡ ಉಪಾಯವನ್ನು ಧಣಿಗಳು ಬಿಟ್ಟಾರೆಯೆ? 1970ರ ದಶಕದ ಕಾಯಿದೆಗಳ ನಂತರ ಕಂಪೆನಿಗಳೂ ಇಂಥ ಸಮಿತಿಗಳನ್ನು ತೆರೆದವು. ನೌಕರರು ವಂತಿಗೆ ಹಾಕುತ್ತಾರೆ. ಸಮಿತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 5,000 ಡಾಲರಿನವರೆಗೆ ಕೊಡಬಹುದು. ಹಣ ನೌಕರರದು, ಹೆಸರು ಕಂಪೆನಿಯದು, ಯಾರಿಗೆ ಕೊಡಬೇಕೆಂಬ ತೀರ್ಮಾನವೂ ಕಂಪೆನಿಯದೇ!

2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಅಲ್ಲಿನ ಸಂಸತ್ ಭವನಕ್ಕೆ ನುಗ್ಗಿದರು. ಅದಾದ ಮೇಲೂ 147 ಸದಸ್ಯರು ಚುನಾವಣೆಯ ಫಲಿತಾಂಶದ ವಿರುದ್ಧ ಮತ ಹಾಕಿದರು. ಅವರಲ್ಲಿ ಕೆಲವರಿಗೆ ಮೈಕ್ರೋಸಾಫ್ಟ್ ಸಮಿತಿಯ ಹಣ ಸಂದಿತ್ತು. “ನಮ್ಮ ಹಣ ಇವರಿಗೇಕೆ?” ಎಂದು ನೌಕರರು ಎದ್ದು ನಿಂತರು. ಕಂಪೆನಿಯ ಅಧ್ಯಕ್ಷ ಬ್ರಾಡ್ ಸ್ಮಿತ್ ಕೊಟ್ಟ ವಿವರಣೆಯ ಸಾರವಿಷ್ಟು: ಮೊತ್ತ ದೊಡ್ಡದೆಂದಲ್ಲ, ಹಣ ಕೊಟ್ಟರೆ ಶಾಸಕರ ಕೂಟಗಳಿಗೆ ಪ್ರವೇಶ ಸಿಗುತ್ತದೆ, ಸಂಬಂಧ ಬೆಳೆಯುತ್ತದೆ. ಬಂಡವಾಳದ ಗುಟ್ಟನ್ನು ಬಂಡವಾಳದವರೇ ಇಷ್ಟು ಬಿಚ್ಚಿ ಹೇಳುವುದು ಅಪರೂಪ. ಫೆಬ್ರವರಿಯಲ್ಲಿ ಕಂಪೆನಿ ಮಣಿಯಿತು. ಹಾಗೆ ಮತ ಹಾಕಿದವರಿಗೆ 2022ರ ಚುನಾವಣೆ ಮುಗಿಯುವವರೆಗೆ ಹಣವಿಲ್ಲ ಎಂದು ಸಾರಿತು. ಇದು ಗೆಲುವೇ ಸರಿ. ಆದರೆ ವಾಯಿದೆಯ ಗೆಲುವು. ಕೀಲಿಕೈ ಮಾತ್ರ ನೌಕರರ ಕೈಗೆ ಬರಲಿಲ್ಲ.

ಇನ್ನೊಂದು ಮಾತು. ಆ ದೇಶದಲ್ಲಿ ಒಬ್ಬ ನೌಕರ ತನ್ನ ಜೇಬಿನಿಂದ ಒಬ್ಬ ಅಭ್ಯರ್ಥಿಗೆ 200 ಡಾಲರಿಗಿಂತ ಹೆಚ್ಚು ಕೊಟ್ಟರೆ ಅವನ ಹೆಸರು, ಉದ್ಯೋಗ, ಕಂಪೆನಿ ಎಲ್ಲವೂ ಬಹಿರಂಗ. ನಮ್ಮಲ್ಲಿ? 2018ರಿಂದ ಚುನಾವಣಾ ಬಾಂಡುಗಳ ಮೂಲಕ ಕೋಟಿಗಟ್ಟಲೆ ಹಣ ಪಕ್ಷಗಳಿಗೆ ಹರಿಯಿತು. ಕೊಟ್ಟವರು ಯಾರೆಂದು ಮತದಾರನಿಗೆ ತಿಳಿಯಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಆ ಯೋಜನೆಯನ್ನು ರದ್ದುಮಾಡಿದ ಮೇಲೆಯೇ ಪಟ್ಟಿ ಬೆಳಕಿಗೆ ಬಂತು.

ಆದ್ದರಿಂದ ಬಂಧುಗಳೆ, ನಾವು ಮೂರು ಮಾತಿಗೆ ಗಟ್ಟಿಯಾಗಿ ನಿಲ್ಲೋಣ. ಸ್ವಂತ ಒಪ್ಪಿಗೆಯಿಲ್ಲದೆ ಸಂಬಳದಿಂದ ಒಂದು ಕಾಸೂ ರಾಜಕೀಯಕ್ಕೆ ಹೋಗಬಾರದು. ಅಂಗಡಿ ಬಾಗಿಲಿಗೆ ಬಂದು ವಂತಿಗೆ ಕೇಳುವವರು ಯಾವ ಪಕ್ಷದವರಾದರೂ ರಸೀದಿ ಕೊಡಬೇಕು. ಕೊಟ್ಟ ಹಣ ಎಲ್ಲಿಗೆ ಹೋಗಬೇಕೆಂಬುದರಲ್ಲಿ ಕೊಟ್ಟವರ ಮಾತು ನಡೆಯಬೇಕು.

ಇದಕ್ಕೆ ನಮ್ಮ ಪಕ್ಷವೂ ಹೊರತಲ್ಲ. ಮೊದಲು ನಮ್ಮ ಲೆಕ್ಕವನ್ನೇ ಕೇಳಿರಿ. ಹೇಳಲು ತಡವರಿಸಿದರೆ ನಮಗೂ ವಂತಿಗೆ ಕೊಡಬೇಡಿರಿ.