ಸೆರಗಿನ ತುದಿಯ ಸೋಂಕು

ಕಣ್ಣು ಕೆಂಪಾಯಿತು ಅಂದರೆ ಸಾಕು, ಹಾಸನದ ಕಡೆ ನಾವೆಲ್ಲ 'ಮದ್ರಾಸ್ ಐ' ಅಂದುಬಿಡುತ್ತೇವೆ. ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ಬ್ಯಾರನ್ ಮುಂದೆ ರಾತ್ರಿಯೆಲ್ಲ ಕೂತವರ ಕಣ್ಣೂ ಕೆಂಪೇ. ಆ ಉರಿ ನಿದ್ದೆ ಮಾಡಿದರೆ ಇಳಿಯುತ್ತದೆ. ಮದ್ರಾಸ್ ಐ ಹೆಚ್ಚಾಗಿ ವೈರಸ್ಸಿನದು, ಒಂದೆರಡು ವಾರದಲ್ಲಿ ತಾನೇ ಹೋಗುತ್ತದೆ. ಟ್ರಕೋಮಾ ಅಂತ ಇನ್ನೊಂದು ಕಣ್ಣಿನ ಸೋಂಕಿದೆ, ಅದು ಹಾಗಲ್ಲ. ಅದು ಬರುವುದು ಕ್ಲಮೀಡಿಯಾ ಎಂಬ ಬ್ಯಾಕ್ಟೀರಿಯಾದಿಂದ. ಎಳವೆಯಲ್ಲಿ ಮತ್ತೆ ಮತ್ತೆ ಬಂದು ಹೋಗಿ, ನಡುವಯಸ್ಸು ದಾಟಿದ ಮೇಲೆ ಕಣ್ಣು ಕೇಳುವ ರೋಗ ಇದು.

ಒಂದು ಸಲ ಸೋಂಕಿದರೆ ಕಣ್ಣೇನೂ ಹೋಗುವುದಿಲ್ಲ. ಮೇಲಿನ ರೆಪ್ಪೆಯ ಒಳಮೈಯಲ್ಲಿ ಸಣ್ಣ ಗುಳ್ಳೆ ಏಳುತ್ತವೆ, ಮಾಯುತ್ತವೆ. ಪದೇ ಪದೇ ಹೀಗಾದರೆ ಒಳಗೆ ಕಲೆಗಟ್ಟಿ, ರೆಪ್ಪೆ ಎಳೆದುಕೊಂಡು ಒಳಕ್ಕೆ ಮಡಚುತ್ತದೆ. ಆಗ ರೆಪ್ಪೆಗೂದಲು ಕಣ್ಣಗುಡ್ಡೆಗೆ ತಾಗುತ್ತದೆ. ರೆಪ್ಪೆ ಬಡಿದಾಗಲೆಲ್ಲ ಒಂದು ಗೀರು. ಕಣ್ಣಿನ ಮುಂದಿನ ತಿಳಿ ಪದರ ಬೆಳ್ಳಗಾದ ಮೇಲೆ ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ.

ಹರಡುವ ಬಗೆ ನೋಡಿ. ಕಿರಿಯ ಮಗುವಿನ ಕಣ್ಣಿನ ಗೀಜನ್ನು ಅವ್ವ ಸೆರಗಿನಿಂದ ಒರೆಸುತ್ತಾಳೆ. ಅದೇ ಸೆರಗಿನಿಂದ ದೊಡ್ಡದರ ಮೂಗು, ಆಮೇಲೆ ತನ್ನ ಮುಖದ ಬೆವರು. ಒಂದೇ ಟವೆಲ್ಲು, ಒಂದೇ ದಿಂಬು, ಒಂದೇ ಕಾಡಿಗೆ ಡಬ್ಬಿ. ಗೀಜಿಗೆ ಮುತ್ತುವ ನೊಣವೂ ಕೈಜೋಡಿಸುತ್ತದೆ. ಮಕ್ಕಳನ್ನು ಸಾಕುವವರಿಗೇ ಇದು ಹೆಚ್ಚು ಅಂಟುವುದರಿಂದ, ಟ್ರಕೋಮಾದಿಂದ ಕುರುಡಾಗುವವರಲ್ಲಿ ಗಂಡಸರಿಗಿಂತ ಹೆಂಗಸರು ಬಹಳ ಹೆಚ್ಚು. ಇದನ್ನು ನಾವು ಸಾಕಷ್ಟು ಮಾತಾಡಿಲ್ಲ ಅಂತ ನನಗನಿಸುತ್ತದೆ.

ಒಂದು ಕಾಲಕ್ಕೆ ಪಂಜಾಬ್, ರಾಜಸ್ಥಾನದಂಥ ಒಣಸೀಮೆಗಳಲ್ಲಿ ಇದರ ಹಾವಳಿ ಜೋರಾಗಿತ್ತು. ಸರ್ಕಾರ 1963ರಲ್ಲಿ ರಾಷ್ಟ್ರೀಯ ಟ್ರಕೋಮಾ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. 2024ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಭಾರತದಲ್ಲಿ ಟ್ರಕೋಮಾ ಇನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಲ್ಲ ಎಂದು ಮಾನ್ಯ ಮಾಡಿತು. ಹಾಗಂತ ರೋಗಾಣು ಊರು ಬಿಟ್ಟಿತು ಅಂತಲ್ಲ. ಹಳೆಯ ಕಲೆಗಳೂ ಕಣ್ಣಲ್ಲೇ ಇವೆ.

ತಡೆಗೆ ಮೊದಲು ಬೇಕಾದದ್ದು ನೀರು. ಹೊಳೆನರಸೀಪುರಕ್ಕೆ ಪಕ್ಕದಲ್ಲೇ ಹೇಮಾವತಿ. ಚನ್ನರಾಯಪಟ್ಟಣದ ಕಡೆ ಮಳೆಯೇ ಕಮ್ಮಿ. ಆದರೂ ಮಗುವಿನ ಮುಖಕ್ಕೆ ಒಂದು ಚೊಂಬು ಸಾಕು. ಬಳಸುವ ಕಕ್ಕಸು ಇದ್ದರೆ ನೊಣವೂ ತಗ್ಗುತ್ತದೆ. ಸೋಂಕಿಗೆ ಅಜಿತ್ರೊಮೈಸಿನ್ ಒಂದೇ ಡೋಸು, ಇಲ್ಲವೇ ಟೆಟ್ರಾಸೈಕ್ಲಿನ್ ಮುಲಾಮು ಆರು ವಾರ, ಅದೂ ವೈದ್ಯರು ಹೇಳಿದರೆ. ಎದೆಹಾಲು, ನಂದಿಬಟ್ಟಲ ರಸ ಕಣ್ಣಿಗೆ ಬೇಡ.

ಮನೆಯ ಅಜ್ಜಿ ಕನ್ನಡಿ ಮುಂದೆ ಚಿಮುಟ ಹಿಡಿದು ರೆಪ್ಪೆಗೂದಲು ಕೀಳುತ್ತಿದ್ದರೆ ತಾಲ್ಲೂಕು ಆಸ್ಪತ್ರೆಗೋ ಹಾಸನದ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಿರಿ. ಕಿತ್ತ ಕೂದಲು ಕೆಲವೇ ವಾರಗಳಲ್ಲಿ ಮೊಂಡಾಗಿ ಮತ್ತೆ ಹುಟ್ಟಿ ಚುಚ್ಚುತ್ತದೆ. ಸಣ್ಣ ಶಸ್ತ್ರಕ್ರಿಯೆಯಿಂದ ರೆಪ್ಪೆಯನ್ನು ಹೊರಕ್ಕೆ ತಿರುಗಿಸಬಹುದು. ಆಗಷ್ಟೇ ಕಿತ್ತಿದ್ದರೆ ಚುಚ್ಚುವ ಕೂದಲು ಕಾಣಿಸದು. ಅದಕ್ಕೇ ಅಜ್ಜಿ ಕೂದಲು ಕೀಳುವ ವಿಷಯವನ್ನು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ, ಮೇಲಿನ ರೆಪ್ಪೆ ಮಗುಚಿ ನೋಡಲು ಕೇಳಿ.